ಕೀಪರನ ಗ್ಲೌಸಿಗೆ ಸಾಂಬ್ರಾಣಿ

ನನ್ನ ವಿಕೆಟ್ ಕೀಪಿಂಗ್ ಗ್ಲೌಸು ಮನೆಯ ಯಾವ ಮೂಲೆಯಲ್ಲಿದೆ ಎಂದು ಸಾಗರದ ನಮ್ಮ ಮನೆಯಲ್ಲಿ ಯಾರೂ ಹುಡುಕಬೇಕಾಗಿರಲಿಲ್ಲ. ಭಾನುವಾರ ಪಂದ್ಯ ಮುಗಿಸಿ ಬಂದು ಕಿಟ್ ಬ್ಯಾಗನ್ನು ಜಗಲಿಯಲ್ಲಿ ಎಸೆದರೆ, ಬುಧವಾರದ ಹೊತ್ತಿಗೆ ಅದರ ಜಿಪ್ಪಿನ ಸಂದಿನಿಂದ ಹಳಸಿದ ಹಿಟ್ಟಿನದೂ ಒದ್ದೆ ಗೋಣಿಚೀಲದ್ದೂ ಕೂಡಿದಂಥ ಒಂದು ನಾತ ನಿಧಾನವಾಗಿ ಒಳಮನೆಗೆ ನಡೆದುಬರುತ್ತಿತ್ತು. “ಆ ಹೆಗ್ಗಣವನ್ನು ಮೊದಲು ಹೊರಗೆ ಹಾಕೋ ಮಾರಾಯ” ಎಂದು ಅಜ್ಜಿ ದೇವರ ಕೋಣೆಯಿಂದಲೇ ಹೇಳುತ್ತಿದ್ದಳು.

ಬ್ಯಾಟ್ಸ್‌ಮನ್ನನ ಗ್ಲೌಸಿಗೆ ಇಷ್ಟು ಕೆಟ್ಟ ಹೆಸರಿಲ್ಲ. ನನ್ನಂಥವನು ಬ್ಯಾಟು ಹಿಡಿದರೆ ಕೈ ಬೆವರುವುದಕ್ಕೆ ಮೊದಲೇ ಮರಳಿ ಮರದ ನೆರಳಿಗೆ ಬಂದಿರುತ್ತಾನೆ. ಕೀಪರನಾದರೋ 30 ಓವರಿನ ಪಂದ್ಯದಲ್ಲಿ 180 ಸಲ ಕುಕ್ಕರುಗಾಲಿನಲ್ಲಿ ಕುಳಿತು ಏಳಬೇಕು, ಅಷ್ಟು ಹೊತ್ತೂ ಅವನ ಕೈಗಳು ಒಂದು ಬಗೆಯ ಚರ್ಮದ ಹಂಡೆಯಲ್ಲಿ ಬೇಯುತ್ತಿರುತ್ತವೆ. ಮೈಯಲ್ಲಿ ಬೆವರಿನ ಗ್ರಂಥಿಗಳು ಅತಿ ದಟ್ಟವಾಗಿರುವುದು ಅಂಗೈ ಮತ್ತು ಅಂಗಾಲುಗಳಲ್ಲಿ. ಅದರ ಮೇಲೆ ಗ್ಲೌಸಿನ ಅಂಗೈಗೆ ರಬ್ಬರಿನ ಹೊದಿಕೆ ಇರುವುದರಿಂದ ಆ ಕಡೆಯಿಂದ ಗಾಳಿಯೂ ಆಡುವುದಿಲ್ಲ.

ಆದರೂ ಬೆವರನ್ನು ದೂರುವುದು ನ್ಯಾಯವಲ್ಲ. ಬೆವರಿನಲ್ಲಿ ಸುಮಾರು 99 ಪಾಲು ನೀರೇ ಇದ್ದು, ಹೊಸ ಬೆವರಿಗೆ ಹೇಳಿಕೊಳ್ಳುವಂಥ ವಾಸನೆ ಇರುವುದಿಲ್ಲ. ಚರ್ಮದ ಮೇಲೆ ಮೊದಲಿನಿಂದಲೂ ಬಿಡಾರ ಹೂಡಿರುವ ಬ್ಯಾಕ್ಟೀರಿಯಾಗಳು ಗ್ಲೌಸಿನ ಒಳಗಿನ ಕತ್ತಲೆ, ತೇವ, ಬಿಸುಪುಗಳನ್ನು ಕಂಡು ಹಿಗ್ಗಿ, ಬೆವರಿನ ಜೊತೆ ಬಂದ ಅಮೈನೋ ಆಮ್ಲಗಳನ್ನು ತಿಂದು ಐಸೋವೆಲರಿಕ್ ಆಮ್ಲದಂಥವುಗಳನ್ನು ಬಿಡುತ್ತವೆ. ಹಳೆಯ ಚೀಸಿನಲ್ಲೂ ಇರುವುದು ಇದೇ ಆಮ್ಲ. ದುಡ್ಡು ಕೊಟ್ಟು ತಿನ್ನುವವರಿರುವ ವಾಸನೆಗೆ ನಮ್ಮ ಮನೆಯಲ್ಲಿ ಹೆಗ್ಗಣವೆಂದು ಹೆಸರಾಯಿತು.

ನಾನು ಮಾಡಿದ ಚಿಕಿತ್ಸೆಗಳಲ್ಲಿ ಮೊದಲನೆಯದು ಬಚ್ಚಲುಮನೆಯ ಹಂಡೆ ಒಲೆ. ಮಲೆನಾಡಿನ ಮಳೆಗಾಲದಲ್ಲಿ ಸಕಲ ವಸ್ತುಗಳೂ ಒಣಗುವುದು ಅಲ್ಲಿಯೇ ಆದ್ದರಿಂದ ಒದ್ದೆ ಗ್ಲೌಸನ್ನೂ ಒಲೆಯ ಕಟ್ಟೆಯ ಮೇಲೆ ಮಲಗಿಸಿದೆ. ಒದ್ದೆಯಾದ ಚರ್ಮಕ್ಕೆ ಜೋರು ಶಾಖ ತಗುಲಿದರೆ ಅದರೊಳಗಿನ ಕೊಲಾಜೆನ್ ಎಳೆಗಳು ಮುದುಡಿಕೊಳ್ಳುತ್ತವೆ ಎಂಬುದು ಆಗ ತಿಳಿದಿರಲಿಲ್ಲ. ಬೆಳಗ್ಗೆ ಎತ್ತಿ ನೋಡಿದರೆ ಅದು ಹಪ್ಪಳದಂತೆ ಸೆಟೆದುಕೊಂಡಿತ್ತು, ವಾಸನೆಯೋ ಮೊದಲಿನಂತೆಯೇ ಇತ್ತು. ಮುಂದಿನ ಜೋಡಿ ಬಂದಾಗ ಅಮ್ಮ ಎಳೆಗೂಸಿನ ತಲೆಗೆ ಹಾಕುವಂತೆ ಅದಕ್ಕೆ ಸಾಂಬ್ರಾಣಿ ಹೊಗೆ ಹಾಕಿದಳು. ಆ ಭಾನುವಾರ ಮೊದಲ ಸ್ಲಿಪ್ಪಿನಲ್ಲಿ ನಿಂತವನು ಯಾರೋ ದೇವಸ್ಥಾನದಲ್ಲಿ ಸಾಕ್ಸು ಬಿಚ್ಚಿಟ್ಟಂತಿದೆ ಎಂದು ದೂರಿದ. ನುಸಿಗುಳಿಗೆಯದೂ ಇದೇ ಕಥೆ, ಹೆಚ್ಚು ಹೇಳುವುದಿಲ್ಲ.

ಮೂಲ್ಕಿಯಲ್ಲಿ ಹುಟ್ಟಿದ, ಭಾರತದ ವಿಕೆಟ್ ಕೀಪರ್ ಬುಧಿ ಕುಂದರನ್ 1960ರ ಜನವರಿಯಲ್ಲಿ ಮುಂಬಯಿಯಲ್ಲಿ ಆಸ್ಟ್ರೇಲಿಯದ ವಿರುದ್ಧ ತಮ್ಮ ಮೊದಲ ಟೆಸ್ಟ್ ಆಡಿದಾಗ ಅವರ ಬಳಿ ಸ್ವಂತ ಕೀಪಿಂಗ್ ಗ್ಲೌಸೇ ಇರಲಿಲ್ಲ. ಯಾರ ಸ್ಥಾನಕ್ಕೆ ತಾವು ಬಂದಿದ್ದರೋ ಆ ನರೇನ್ ತಮ್ಹಾನೆಯವರ ಗ್ಲೌಸನ್ನೇ ಎರವಲು ಪಡೆದು ಅವರು ಕಣಕ್ಕಿಳಿದರು. ಕ್ಯಾಚುಗಳನ್ನೂ ಸ್ಟಂಪಿಂಗುಗಳನ್ನೂ ಎಣಿಸಿಡುವ ಕ್ರಿಕೆಟ್ಟಿನ ಲೆಕ್ಕಿಗರು ಇನ್ನೊಬ್ಬರ ಬೆವರು ಕುಡಿದ ಗ್ಲೌಸಿನೊಳಕ್ಕೆ ಕೈ ತೂರಿಸುವ ಆ ಕ್ಷಣದ ಬಗ್ಗೆ ಏನನ್ನೂ ಬರೆದಿಟ್ಟಿಲ್ಲ. ತಂಡಕ್ಕೆಲ್ಲ ಒಂದೇ ಜೋಡಿ ಇದ್ದ ಕಾಲದಲ್ಲಿ ಆಡಿದ ನನಗೆ ಅದನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ.

ಈಗ ಬೆಂಗಳೂರಿನ ಮೂರನೆಯ ಮಹಡಿಯಲ್ಲಿ ನನ್ನ ಕ್ರಮ ಬಹಳ ಸರಳವಾಗಿದೆ. ಮನೆಗೆ ಬಂದೊಡನೆ, ಗ್ಲೌಸಿನೊಳಗೆ ತೊಡುವ ಹತ್ತಿಯ ಇನ್ನರುಗಳು ಬಕೆಟ್ಟಿಗೆ ಹೋಗುತ್ತವೆ. ಗ್ಲೌಸಿನ ಬೆರಳು ಬೆರಳಿಗೂ ಹಳೆಯ ದಿನಪತ್ರಿಕೆಯ ಹಾಳೆ ತುರುಕಿ, ಬಿಸಿಲು ತಾಗದ ಕಡೆ ಫ್ಯಾನಿನ ಕೆಳಗಿಟ್ಟು, ಹಾಳೆ ತೇವವಾದಂತೆ ಬದಲಿಸುತ್ತೇನೆ. ಒಣಗಿದ ಮೇಲೆ ಅಡುಗೆ ಸೋಡಾವನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಒಳಗಿಡುವುದುಂಟು. ಸೋಡಾ ಕ್ಷಾರವಾದ್ದರಿಂದ ನಾರುವ ಆಮ್ಲವನ್ನು ನಾರದ ಲವಣವಾಗಿ ಮಾಡುತ್ತದೆ, ಆದರೆ ನೇರವಾಗಿ ಚೆಲ್ಲಿ ಬಿಟ್ಟರೆ ಹದಮಾಡಿದ ಚರ್ಮಕ್ಕೆ ಆ ಕ್ಷಾರ ಒಗ್ಗುವುದಿಲ್ಲ. ಫ್ರೀಜರಿನಲ್ಲಿಟ್ಟರೆ ಬ್ಯಾಕ್ಟೀರಿಯಾ ಸಾಯುತ್ತವೆ ಎಂದು ಗೆಳೆಯನೊಬ್ಬ ಹೇಳಿದ್ದ. ಅವುಗಳಲ್ಲಿ ಬಹಳಷ್ಟು ಅಲ್ಲಿ ನಿದ್ದೆ ಮಾಡಿ ಎದ್ದು ಬರುತ್ತವೆ, ಅಲ್ಲದೆ ಬಟಾಣಿಯ ಪಕ್ಕದಲ್ಲಿ ಗ್ಲೌಸನ್ನು ಕಂಡ ಹೆಂಡತಿ ಎರಡು ದಿನ ಮಾತು ಬಿಟ್ಟಿದ್ದಳು.

ಹೀಗೆ ಒಂದು ತಿಂಗಳು ಆರೈಕೆ ಮಾಡಿದ ಜೋಡಿಯನ್ನು ಕಳೆದ ವಾರ ಎದುರು ಮನೆಯ ಹುಡುಗ ಕೇಳಲು ಬಂದ. ಕೈಗೆ ತೆಗೆದುಕೊಂಡವನೇ ಮೂಸಿ ನೋಡಿ, “ಅಂಕಲ್, ಹೊಸದಾ ಇದು?” ಎಂದ. ಅದಕ್ಕೆ ಆರು ವರ್ಷವಾಗಿದೆ ಎಂದು ನಾನು ಹೇಳಲಿಲ್ಲ. ಭಾನುವಾರ ಮಳೆಯಲ್ಲಿ ಆಡಿದ ಅವನು ಬುಧವಾರ ಸಂಜೆ ಬಂದು ಅದನ್ನು ಬಹಳ ಜೋಪಾನವಾಗಿ, ಪ್ಲಾಸ್ಟಿಕ್ ಚೀಲದಲ್ಲಿ ಎರಡು ಗಂಟು ಹಾಕಿ ಹಿಂತಿರುಗಿಸಿದ.