ವಕೀಲರ ಮೇಲಿನ ದೂರನ್ನು ವಕೀಲರೇ ವಿಚಾರಿಸಿದರೆ ಸಾಕೇ?

ಪರ: ಸಾಲದು, ಹೊರಗಿನ ನಿಯಂತ್ರಣ ಬೇಕು

ಜಮೀನಿನ ದಾವೆಯಲ್ಲಿ ಮೇಲ್ಮನವಿಯ ಗಡುವು ಮೀರಿದೆ. ತೀರ್ಪು ಬಂದ ಸುದ್ದಿಯೇ ಕಕ್ಷಿದಾರನಿಗೆ ತಲುಪಿಲ್ಲ. ಫೀಸು ಪಡೆದ ವಕೀಲರು ಫೋನ್ ಎತ್ತುತ್ತಿಲ್ಲ. ಬೇರೆಯವರ ಬಳಿ ಹೋದರೆ ‘ಹಳೆಯ ವಕೀಲರಿಂದ ಎನ್‌ಒಸಿ (ಆಕ್ಷೇಪವಿಲ್ಲವೆಂಬ ಪತ್ರ) ತನ್ನಿ’ ಎನ್ನುತ್ತಾರೆ. ಫೀಸು ಬಾಕಿಯಿದೆಯೆಂದು ವಕೀಲರು ಕಕ್ಷಿದಾರನ ಕಾಗದಪತ್ರ ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಆದರೆ ಹಳ್ಳಿಯಿಂದ ಬಂದ ರೈತನಿಗೆ ಅದನ್ನು ತಿಳಿಸುವವರು ಯಾರು?

ವಕೀಲರ ನಡತೆಯ ಬಗ್ಗೆ ದೂರಿದ್ದರೆ 1961ರ ವಕೀಲರ ಕಾಯ್ದೆ ತೋರಿಸುವುದು ರಾಜ್ಯ ವಕೀಲರ ಪರಿಷತ್ತಿನ ಬಾಗಿಲನ್ನು. ಅಲ್ಲಿ ಮೂವರ ಶಿಸ್ತು ಸಮಿತಿ ವಿಚಾರಣೆ ನಡೆಸುತ್ತದೆ. ಮೂವರೂ ವಕೀಲರೇ. ಪರಿಷತ್ತಿನ ಸದಸ್ಯರನ್ನು ಆರಿಸುವವರೂ ವಕೀಲರೇ. ಅಂದರೆ, ಆರೋಪಿ ವಕೀಲರು ಮುಂದಿನ ಚುನಾವಣೆಯಲ್ಲಿ ಮತದಾರರು. ಸಮಿತಿಯಲ್ಲಿ ಕುಳಿತವರು ಎಷ್ಟೇ ಪ್ರಾಮಾಣಿಕರಾಗಿರಲಿ, ಈ ಏರ್ಪಾಡು ದೂರುದಾರನಲ್ಲಿ ನಂಬಿಕೆ ಹುಟ್ಟಿಸುವುದಿಲ್ಲ.

ತಪ್ಪು ಸಾಬೀತಾದರೆ ಛೀಮಾರಿ, ಅಮಾನತು ಅಥವಾ ಪಟ್ಟಿಯಿಂದ ಹೆಸರು ತೆಗೆಯುವುದು. ಕಳೆದುಕೊಂಡ ಜಮೀನಿಗೆ ಪರಿಹಾರ ಕೊಡಿಸುವ ಅಧಿಕಾರ ಸಮಿತಿಗಿಲ್ಲ. ಒಂದು ವರ್ಷದಲ್ಲಿ ವಿಚಾರಣೆ ಮುಗಿಯದಿದ್ದರೆ ಪ್ರಕರಣ ದೆಹಲಿಯ ಭಾರತೀಯ ವಕೀಲರ ಪರಿಷತ್ತಿಗೆ ವರ್ಗವಾಗಬೇಕು. ಅಲ್ಲೂ ದೂರುಗಳು ರಾಶಿ ಬಿದ್ದು, ವರ್ಷದೊಳಗೆ ಮುಗಿಸಿ ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು.

ವೈದ್ಯರನ್ನು ನೋಡಿ. 1995ರಲ್ಲಿ ಸುಪ್ರೀಂ ಕೋರ್ಟ್ ಅವರ ಸೇವೆಯನ್ನು ಗ್ರಾಹಕ ಕಾಯ್ದೆಯಡಿ ತಂದಿತು. ಅದರಿಂದ ವೈದ್ಯವೃತ್ತಿ ಮುಳುಗಲಿಲ್ಲ. ನನಗೆ ತಿಳಿದಂತೆ ರೋಗಿಗೆ ವಿವರಿಸಿ ಒಪ್ಪಿಗೆ ಪಡೆಯುವ, ದಾಖಲೆ ಸರಿಯಾಗಿಡುವ ರೂಢಿ ಬಲವಾದದ್ದಕ್ಕೆ ಆ ಭಯವೂ ಒಂದು ಕಾರಣ. ವಕೀಲರನ್ನು ಮಾತ್ರ 2024ರ ಮೇ ತಿಂಗಳ ತೀರ್ಪು ಆ ಕಾಯ್ದೆಯಿಂದ ಹೊರಗಿಟ್ಟಿತು. ಹಾಗಾಗಿ ಶಿಸ್ತು ವ್ಯವಸ್ಥೆಯನ್ನಾದರೂ ಗಟ್ಟಿ ಮಾಡಲೇಬೇಕು.

ಮಾದರಿ ಇಂಗ್ಲೆಂಡಿನಲ್ಲಿದೆ. 2007ರ ಕಾಯ್ದೆಯ ನಂತರ ಸಾಲಿಸಿಟರ್‌ಗಳ (ಕಕ್ಷಿದಾರರ ಕೆಲಸ ನೇರವಾಗಿ ವಹಿಸಿಕೊಳ್ಳುವ ವಕೀಲರ) ಹಿತ ನೋಡುವ ಲಾ ಸೊಸೈಟಿಯ ಕೆಲಸವೂ ಅವರ ನಡತೆ ನೋಡುವ ಪ್ರಾಧಿಕಾರದ ಕೆಲಸವೂ ಬೇರೆಯಾದವು. ಕಳಪೆ ಸೇವೆಯ ದೂರುಗಳಿಗೆ ಪ್ರತ್ಯೇಕ ಒಂಬುಡ್ಸ್‌ಮನ್ (ದೂರು ವಿಚಾರಿಸುವ ಸ್ವತಂತ್ರ ಅಧಿಕಾರಿ) ಇದ್ದಾರೆ, ಅವರು ಹಣ ಮರಳಿಸಲು ಆದೇಶಿಸಬಲ್ಲರು. ಇಷ್ಟಾಗಿಯೂ ಅಲ್ಲಿನ ವಕೀಲರು ಸರ್ಕಾರದ ವಿರುದ್ಧ ವಾದಿಸುವುದನ್ನು ಬಿಟ್ಟಿಲ್ಲ. ನಮ್ಮ ಶಿಸ್ತು ಸಮಿತಿಗಳಲ್ಲೂ ನಿವೃತ್ತ ನ್ಯಾಯಾಧೀಶರು, ವಕೀಲರಲ್ಲದ ನಾಗರಿಕರು ಕೂರಲಿ. ಪರಿಹಾರ ಕೊಡಿಸುವ ಅಧಿಕಾರವೂ ಇರಲಿ.

ವಿರೋಧ: ಸನ್ನದಿನ ಕೀಲಿಕೈ ಹೊರಗೆ ಹೋಗಬಾರದು

1975ರ ಜೂನ್‌ನಲ್ಲಿ ತುರ್ತುಪರಿಸ್ಥಿತಿ ಬಂದಾಗ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಬೆಂಗಳೂರಿನಲ್ಲೇ ಬಂಧನಕ್ಕೊಳಗಾದರು. ಅವರ ಪರವಾಗಿ ಇಲ್ಲಿನ ಹೈಕೋರ್ಟಿಗೆ ಹೋದ ವಕೀಲರಲ್ಲಿ ಎಂ. ರಾಮಾ ಜೋಯಿಸ್, ಸಂತೋಷ್ ಹೆಗ್ಡೆ ಇದ್ದರು. ರಾಮಾ ಜೋಯಿಸರು ಸ್ವತಃ ಜೈಲು ಸೇರಿದರು. ಅಂದು ವಕೀಲರ ಸನ್ನದು, ಅಂದರೆ ವೃತ್ತಿ ನಡೆಸುವ ಪರವಾನಗಿ, ಸರ್ಕಾರ ನೇಮಿಸಿದ ಪ್ರಾಧಿಕಾರದ ಕೈಯಲ್ಲಿದ್ದಿದ್ದರೆ ಆ ಅರ್ಜಿಗಳಿಗೆ ಎಷ್ಟು ಜನ ಸಹಿ ಹಾಕುತ್ತಿದ್ದರು?

ಇದು ಬರೀ ಹಳೆಯ ಮಾತಲ್ಲ. ಈ ದೇಶದ ಅತಿ ದೊಡ್ಡ ಕಕ್ಷಿದಾರ ಸರ್ಕಾರವೇ. ಭೂಸ್ವಾಧೀನ, ಪಿಂಚಣಿ, ಪೊಲೀಸರ ಅತಿರೇಕ, ಎಲ್ಲದರಲ್ಲೂ ಬಡವನ ಎದುರು ನಿಲ್ಲುವುದು ಅದೇ. ಎದುರಾಳಿಯ ನೆರಳಿರುವ ಸಂಸ್ಥೆ ವಕೀಲರ ಅನ್ನದ ಮೇಲೆ ಕೈಯಿಟ್ಟರೆ ಮೊದಲು ನಷ್ಟವಾಗುವುದು ಆ ಬಡವನಿಗೇ. 2025ರ ಫೆಬ್ರವರಿಯಲ್ಲಿ ಹೊರಬಂದ ವಕೀಲರ ಕಾಯ್ದೆಯ ತಿದ್ದುಪಡಿ ಕರಡು ನೋಡಿ. ಭಾರತೀಯ ವಕೀಲರ ಪರಿಷತ್ತಿಗೆ ಸದಸ್ಯರನ್ನು ನಾಮಕರಣ ಮಾಡುವ, ಅದಕ್ಕೆ ನಿರ್ದೇಶನ ಕೊಡುವ ಅಧಿಕಾರ ಕೇಂದ್ರಕ್ಕೆ ಬೇಕಿತ್ತು. ವಕೀಲರು ಬೀದಿಗಿಳಿದ ಮೇಲೆ ಅದೇ ತಿಂಗಳು ಕರಡು ಹಿಂದೆ ಹೋಯಿತು. ಗ್ರಾಹಕರ ಹೆಸರಿನಲ್ಲಿ ಬಾಗಿಲು ತೆರೆದರೆ ಒಳಗೆ ಬರುವವರು ಯಾರು ಎಂಬುದಕ್ಕೆ ಅಷ್ಟು ಸಾಕ್ಷಿ ಸಾಲದೇ?

ನೇಮಕದ ಸಂಸ್ಥೆ ಶುದ್ಧವಾಗಿರುತ್ತದೆ ಎಂಬ ನಂಬಿಕೆಗೂ ಆಧಾರವಿಲ್ಲ. ಭಾರತೀಯ ವೈದ್ಯಕೀಯ ಪರಿಷತ್ತನ್ನು ತೆಗೆದು 2020ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ತಂದರು. 2025ರಲ್ಲಿ ವೈದ್ಯಕೀಯ ಕಾಲೇಜುಗಳ ಪರಿಶೀಲನೆಯಲ್ಲಿ ಲಂಚದ ಆರೋಪದ ಮೇಲೆ ಸಿಬಿಐ ಹೂಡಿದ ಪ್ರಕರಣದಲ್ಲಿ ಆರೋಗ್ಯ ಸಚಿವಾಲಯದ ಅಧಿಕಾರಿಗಳ ಹೆಸರೇ ಇತ್ತು.

ವೈದ್ಯರ ಹೋಲಿಕೆಯೂ ಹೊಂದುವುದಿಲ್ಲ. ಪ್ರತಿ ದಾವೆಯಲ್ಲೂ ಒಬ್ಬರು ಸೋಲುತ್ತಾರೆ. ಸೋತವರ ಸಿಟ್ಟೆಲ್ಲ ದೂರಾಗಿ ಬಂದರೆ, ದುರ್ಬಲ ಆದರೆ ನ್ಯಾಯವಾದ ಪ್ರಕರಣವನ್ನು ಮುಟ್ಟುವವರು ಕಡಿಮೆಯಾಗುತ್ತಾರೆ. ನಿರ್ಲಕ್ಷ್ಯದಿಂದ ನಷ್ಟವಾದವರಿಗೆ ಸಿವಿಲ್ ದಾವೆಯ ದಾರಿ ಈಗಲೂ ಇದೆ. ಶಿಸ್ತು ಪ್ರಕರಣದಲ್ಲಿ ಕೊನೆಯ ಮಾತೂ ವಕೀಲರದಲ್ಲ, ಮೇಲ್ಮನವಿ ಸುಪ್ರೀಂ ಕೋರ್ಟಿಗೆ ಹೋಗುತ್ತದೆ.

ವಿಳಂಬ ನಿಜ, ಅದು ಕಕ್ಷಿದಾರರಿಗೆ ಆಗುತ್ತಿರುವ ಅನ್ಯಾಯ. ಅದಕ್ಕೆ ಹೊಸ ಪ್ರಾಧಿಕಾರ ಬೇಕಿಲ್ಲ, ಇರುವ ಕಾನೂನು ನಡೆಯಬೇಕು. ಒಂದು ವರ್ಷದ ಗಡುವನ್ನು ಪರಿಷತ್ತು ಪಾಲಿಸಲಿ, ಶಿಸ್ತು ಆದೇಶಗಳನ್ನು ಜಾಲತಾಣದಲ್ಲಿ ಎಲ್ಲರೂ ಓದುವಂತೆ ಹಾಕಲಿ. ಬೀದರಿನ ದೂರುದಾರ ಬೆಂಗಳೂರಿಗೆ ಅಲೆಯದಂತೆ ಧಾರವಾಡ, ಕಲಬುರಗಿಗಳಲ್ಲಿ ಸಮಿತಿ ನಿಯಮಿತವಾಗಿ ಕೂರಲಿ.