ದೀಪ ಹಚ್ಚಲು ಅನುಮತಿ ಕೋರಿ

1884ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಜಾನ್ ಹೆನ್ರಿ ಹೋಮ್ಸ್ ಎಂಬ ಎಂಜಿನಿಯರ್ ಒಂದು ಅನಾಹುತ ಮಾಡಿಟ್ಟ. ಟಕ್ ಅಂದರೆ ಹೊತ್ತುವ, ಟಕ್ ಅಂದರೆ ಆರುವ ಸ್ವಿಚ್ ಕಂಡುಹಿಡಿದ. ಒಳಗಿನ ಲೋಹದ ತುದಿಗಳು ಥಟ್ಟನೆ ಬೇರೆಯಾಗುತ್ತವೆ, ನಡುವೆ ಕಿಡಿ ನಿಲ್ಲುವುದಿಲ್ಲ, ಸ್ವಿಚ್ ಸುಡುವುದಿಲ್ಲ. ಇಷ್ಟೇ ವಿದ್ಯೆ. ಇದರಲ್ಲಿ ಅನಾಹುತ ಏನು ಬಂತು ಅಂತೀರಾ? ಆ ಸ್ವಿಚ್ ಸುಮ್ನೆ ಕೆಲಸ ಮಾಡಿತು. ವರ್ಷಗಟ್ಟಲೆ ಮಾಡಿತು. ಪಾಸ್‌ವರ್ಡ್ ಕೇಳಲಿಲ್ಲ, ಅಪ್‌ಡೇಟ್ ಬೇಡಲಿಲ್ಲ, ಯಾರು ಎಷ್ಟು ಗಂಟೆಗೆ ಒತ್ತಿದರು ಅಂತ ಯಾರಿಗೂ ಚಾಡಿ ಹೇಳಲಿಲ್ಲ. ಇಂಥ ಮೂಕ ವಸ್ತುವನ್ನು ನಂಬಿಕೊಂಡು ಒಂದು ಕಂಪನಿ ಹೊಟ್ಟೆ ಹೊರೆಯುವುದು ಹೇಗೆ?

ಈ ಅನ್ಯಾಯವನ್ನು ಸರಿಪಡಿಸಲಿಕ್ಕೆಂದೇ, ದೀಪ ಬಾಗಿಲುಗಳನ್ನೆಲ್ಲ ಇಂಟರ್‌ನೆಟ್ಟಿಗೆ ಜೋಡಿಸುವ ಸ್ಮಾರ್ಟ್ ಹೋಮ್ ಅವತರಿಸಿತು.

ಈಗ ದೀಪ ಹಚ್ಚುವ ಕ್ರಮ ಹೀಗಿದೆ. ನೀವು ಸೋಫಾದಲ್ಲಿ ಕೂತು, ಮೂಲೆಯ ಸ್ಪೀಕರನ್ನು ಹೆಸರು ಹಿಡಿದು ಕರೆದು, ದೀಪ ಹಾಕು ಅನ್ನುತ್ತೀರಿ. ಸ್ಪೀಕರಿಗೆ ಸ್ವಂತ ಬುದ್ಧಿಯಿಂದ ಗೊತ್ತಾಗುವುದು ಹೆಚ್ಚಾಗಿ ತನ್ನ ಹೆಸರು ಮಾತ್ರ. ಉಳಿದ ಮಾತನ್ನು ಅದು ಅರ್ಜಿಯಾಗಿ ಸ್ವೀಕರಿಸಿ ದೂರದ ಡೇಟಾ ಸೆಂಟರಿಗೆ ರವಾನಿಸುತ್ತದೆ. ಅಲ್ಲಿ ಮೊದಲ ಮೇಜಿನಲ್ಲಿ ನಿಮ್ಮ ಧ್ವನಿ ಅಕ್ಷರವಾಗುತ್ತದೆ. ಎರಡನೇ ಮೇಜಿನಲ್ಲಿ ಅರ್ಜಿದಾರರಿಗೆ ಬೇಕಾಗಿರುವುದು ದೀಪವೋ, ದೀಪದ ಮೇಲಿನ ಹಾಡೋ ಎಂಬ ತೀರ್ಮಾನ. ಅಲ್ಲಿಂದ ಕಡತ ಬಲ್ಬ್ ಕಂಪನಿಯ ಸರ್ವರಿಗೆ ಹೋಗುತ್ತದೆ. ಖಾತೆ ಇವರದ್ದೇನಾ, ಬಲ್ಬ್ ಇವರ ಹೆಸರಿನಲ್ಲಿದೆಯಾ ಅಂತ ಪರಿಶೀಲನೆ. ಎಲ್ಲ ಸರಿಯಿದ್ದರೆ ಮಂಜೂರಾತಿ ವಾಪಸ್ ನಿಮ್ಮ ಮನೆಯ ರೂಟರಿಗೆ, ರೂಟರಿನಿಂದ ಉಪಕರಣಗಳಿಗೆ ಅಪ್ಪಣೆ ಹಂಚುವ ಹಬ್ ಎಂಬ ಡಬ್ಬಿಗೆ, ಹಬ್‌ನಿಂದ ರೇಡಿಯೋ ಅಲೆ ಹತ್ತಿ ಬಲ್ಬಿಗೆ. ಬಲ್ಬ್ ಇಷ್ಟು ಹೊತ್ತೂ ನಿಮ್ಮ ತಲೆಯ ಮೇಲೇ ನೇತಾಡುತ್ತಿತ್ತು.

ಇದೆಲ್ಲ ಒಂದೆರಡು ಸೆಕೆಂಡಿನಲ್ಲಿ ಮುಗಿಯುತ್ತದೆ, ಸುಳ್ಳು ಹೇಳಬಾರದು. ಎಂಜಿನಿಯರುಗಳ ಜಾಣತನ ಸಣ್ಣದಲ್ಲ. ನನಗೆ ನಗು ಬರುವುದು ವೇಗ ನೋಡಿ ಅಲ್ಲ, ದಾರಿ ನೋಡಿ.

ಯಾಕೆಂದರೆ ಯಾವ ಮೇಜಿನಲ್ಲಿ ಯಾರು ರಜೆ ಹಾಕಿದರೂ ನಿಮ್ಮ ಮನೆ ಕತ್ತಲು. 2021ರ ಡಿಸೆಂಬರ್ 7ರಂದು ಅಮೆರಿಕದ ವರ್ಜೀನಿಯಾದಲ್ಲಿ, ಎಷ್ಟೋ ಬೇರೆ ಕಂಪನಿಗಳೂ ಬಾಡಿಗೆಗೆ ಬಳಸುವ ಅಮೆಜಾನ್ ಕಂಪನಿಯ ಡೇಟಾ ಸೆಂಟರ್ ಜಾಲ ಗಂಟೆಗಟ್ಟಲೆ ಎಡವಿತು. ಎಲ್ಲೆಲ್ಲೋ ಇರುವ ಮನೆಗಳ ಡೋರ್‌ಬೆಲ್ ಕ್ಯಾಮೆರಾಗಳು ಮಂಕಾದವು. ಕಸ ತೆಗೆಯುವ ರೋಬಾಟ್‌ಗಳಿಗೆ ಆಪ್‌ನಿಂದ ಅಪ್ಪಣೆ ಬರಲಿಲ್ಲ. ಕಸ ಇತ್ತು, ಕರೆಂಟ್ ಇತ್ತು, ರೋಬಾಟ್ ಇತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ. ಅದರ ಬೆನ್ನ ಮೇಲೇ ಒಂದು ಬಟನ್ ಇದೆ, ಒತ್ತಿದರೆ ಗುಡಿಸುತ್ತದೆ ಅನ್ನುವುದು ಎಷ್ಟೋ ಜನಕ್ಕೆ ಅವತ್ತೇ ನೆನಪಾಗಿರಬೇಕು.

2025ರ ಅಕ್ಟೋಬರ್ 20ರಂದು ಅದೇ ವರ್ಜೀನಿಯಾದಲ್ಲಿ ಮತ್ತೆ ಎಡವಟ್ಟು. ಈ ಸಲ ಹೊಡೆತ ಬಿದ್ದದ್ದು ಹಾಸಿಗೆಗೆ. ಏಯ್ಟ್ ಸ್ಲೀಪ್ ಎಂಬ ಕಂಪನಿ ಇಂಟರ್‌ನೆಟ್ ಮೂಲಕ ಬೆಚ್ಚಗೆ, ತಣ್ಣಗೆ ಆಗುವ ಹಾಸಿಗೆ ಮಾರುತ್ತದೆ. ಸರ್ವರ್ ಕೈಕೊಟ್ಟಾಗ ಕೆಲವರ ಹಾಸಿಗೆ ಬಿಸಿಯೇರಿ ಹಾಗೇ ಉಳಿಯಿತು. ಕೆಲವರದು ತಲೆಯ ಭಾಗ ಎತ್ತಿಕೊಂಡು ಇಳಿಯಲೊಲ್ಲೆ ಅಂದಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಹೇಳಿದ್ದರು. ಸರ್ವರ್ ಇದ್ದಷ್ಟು ಹೊತ್ತು ಚಾಚು ಅಂತ ಸೇರಿಸಲು ಅವರಿಗೆ ತೋಚಲಿಲ್ಲ, ಪಾಪ.

ಆದರೆ ಸರ್ವರಿಗಿಂತ ದೊಡ್ಡ ತಮಾಷೆ ಮನೆಯೊಳಗಿನ ರಾಜಕೀಯದ್ದು. ಮನೆಯ ಯಜಮಾನ ಯಾರು ಎಂಬ ಪ್ರಶ್ನೆ ತಲೆತಲಾಂತರದಿಂದ ಇತ್ತು. ಆಪ್ ಅದನ್ನು ಇತ್ಯರ್ಥ ಮಾಡಿದೆ. ಯಾರ ಇಮೇಲ್‌ನಲ್ಲಿ ಖಾತೆ ತೆರೆದಿದೆಯೋ ಅವರೇ ಅಡ್ಮಿನ್. ಉಳಿದವರು ಸದಸ್ಯರು, ಅದೂ ಅಡ್ಮಿನ್ ಆಹ್ವಾನ ಕಳಿಸಿ ಇವರು ಒಪ್ಪಿಕೊಂಡರೆ ಮಾತ್ರ. ಮದುವೆಯಾಗಿ ಎಷ್ಟು ವರ್ಷವಾಗಿದ್ದರೂ ಸರಿ, ಸ್ವಂತ ಮಲಗುವ ಕೋಣೆಯ ದೀಪ ಆರಿಸಲು ಹೆಂಡತಿ ಇಮೇಲ್ ತೆರೆದು ಆಹ್ವಾನ ಸ್ವೀಕರಿಸಬೇಕು. ಸ್ಮಾರ್ಟ್‌ಫೋನ್ ಇಲ್ಲದ ಅಜ್ಜಿ ಆ ಮನೆಯಲ್ಲಿ ಅಧಿಕೃತವಾಗಿ ವಾಸವೇ ಇಲ್ಲ.

ಇಂಥ ಮನೆಗಳಲ್ಲಿ ನಡೆಯುವ ವಿಚಾರಣೆಯ ಧಾಟಿ ಬಲ್ಲವರಿಗೆ ಗೊತ್ತು.

"ಏನ್ರೀ, ಬಚ್ಚಲಮನೆ ದೀಪ ಹೊತ್ತುತ್ತಿಲ್ಲ."

"ಗೋಡೆ ಸ್ವಿಚ್ ಯಾರು ಮುಟ್ಟಿದ್ದು?"

"ಅಜ್ಜಿ ಇರಬೇಕು. ಆಚೆ ಬರುವಾಗ ಆರಿಸಿದ್ದಾರೆ."

"ಎಷ್ಟು ಸಲ ಹೇಳಿದ್ದೀನಿ ಅವರಿಗೆ, ದೀಪ ಆರಿಸಬೇಡಿ ಅಂತ!"

ಕೇಳಿದಿರಲ್ವಾ? ಕರೆಂಟ್ ಉಳಿಸಲು ದೀಪ ಆರಿಸುವುದು ಈಗ ಅಪರಾಧ. ಕಾರಣ ಇದೆ. ಸ್ಮಾರ್ಟ್ ಬಲ್ಬಿನ ಒಳಗಿರುವ ರೇಡಿಯೋ ಸದಾ ಎಚ್ಚರವಾಗಿರಬೇಕು, ಅದಕ್ಕೆ ಸದಾ ಕರೆಂಟ್ ಹರಿಯುತ್ತಿರಬೇಕು. ಗೋಡೆಯ ಸ್ವಿಚ್ ಆಫ್ ಆದರೆ ಅಡ್ಮಿನ್ ಎಷ್ಟು ಕೂಗಿದರೂ ಬಲ್ಬಿಗೆ ಕಿವಿ ಕೇಳುವುದಿಲ್ಲ. ಹಾಗಾಗಿ ಸ್ವಿಚ್ಚಿನ ಬಾಯಿಗೆ ಟೇಪ್ ಬಿದ್ದಿದೆ, ಪಕ್ಕದಲ್ಲಿ 'ದಯವಿಟ್ಟು ಮುಟ್ಟಬೇಡಿ' ಚೀಟಿ. ಟೇಪ್ ನೋಡಲು ಚೆಂದ ಇಲ್ಲ ಅನ್ನುವವರಿಗೆ ಲೂಟ್ರಾನ್ ಕಂಪನಿ 2019ರಲ್ಲಿ ಒಂದು ಪರಿಹಾರ ತಂದಿತು. ಬ್ಯಾಟರಿ ಹಾಕಿದ ಒಂದು ತಿರುಗುವ ಗುಂಡಿ. ಅದನ್ನು ಹಳೆಯ ಸ್ವಿಚ್ಚಿನ ಮೇಲೇ ಕೂರಿಸಬೇಕು. ಕೆಳಗಿರುವ ಸ್ವಿಚ್ ಆಫ್ ಆಗದಂತೆ ಅದು ಬಿಗಿಹಿಡಿಯುತ್ತದೆ. ಈಗ ಗುಂಡಿ ತಿರುಗಿಸಿ ದೀಪದ ಬೆಳಕು ಹೆಚ್ಚು ಕಡಿಮೆ ಮಾಡಬಹುದು. ಅಂದರೆ ಸ್ವಿಚ್ ಮುಟ್ಟದ ಹಾಗೆ ಮಾಡಲು ಸ್ವಿಚ್ಚಿನ ಮೇಲೊಂದು ಸ್ವಿಚ್.

ರಾತ್ರಿ ಉಳಿದುಕೊಂಡ ನೆಂಟರ ಕಥೆ ಇನ್ನೂ ಸೊಗಸು. ಶೌಚಾಲಯದ ದೀಪ ಬೇಕು ಅಂದವರಿಗೆ ಆಪ್ ಇಳಿಸಿಕೊಳ್ಳಿ ಅನ್ನಬೇಕು. ಖಾತೆ ತೆರೆಯಿರಿ, ಮೊಬೈಲಿಗೆ ಬಂದ ಒಟಿಪಿ ಹಾಕಿ, ಷರತ್ತುಗಳನ್ನು ಓದಿದ್ದೇನೆ ಅಂತ ಒತ್ತಿ, ನೀವು ಎಲ್ಲಿದ್ದೀರಿ ಎಂದು ತಿಳಿಯಲು ಆಪ್‌ಗೆ ಅವಕಾಶ ಕೊಡಿ. ಅಷ್ಟು ಹೊತ್ತಿಗೆ ಅವರು ಎಲ್ಲಿದ್ದಾರೆ ಎಂಬುದು ಎಲ್ಲರಿಗೂ ತಿಳಿದುಹೋಗಿರುತ್ತದೆ.

ಬಲ್ಬ್ ಮುನಿಸಿಕೊಂಡರೆ ಸಮಾಧಾನ ಮಾಡುವ ಶಾಸ್ತ್ರವೂ ಇದೆ. 2019ರಲ್ಲಿ ಜಿಇ ಬ್ರ್ಯಾಂಡಿನ ಸ್ಮಾರ್ಟ್ ಬಲ್ಬನ್ನು ರೀಸೆಟ್ ಮಾಡುವ ಅಧಿಕೃತ ವಿಡಿಯೋ ನೋಡಿ ಲೋಕವೆಲ್ಲ ನಕ್ಕಿತು. 8 ಸೆಕೆಂಡ್ ಆನ್, 2 ಸೆಕೆಂಡ್ ಆಫ್. ಮತ್ತೆ 8 ಸೆಕೆಂಡ್ ಆನ್, 2 ಸೆಕೆಂಡ್ ಆಫ್. ಹೀಗೆ ಲೆಕ್ಕ ತಪ್ಪದೆ ಐದು ಆವರ್ತನ ಮುಗಿಸಿದರೆ ಬಲ್ಬ್ ಪ್ರಸನ್ನವಾಗಿ ಮೂರು ಸಲ ಕಣ್ಣು ಮಿಟುಕಿಸುತ್ತದೆ. ಈ ಆನ್ ಆಫ್ ಎಲ್ಲ ಮಾಡಬೇಕಾದದ್ದು ಯಾವುದರಿಂದ ಅಂತೀರಿ? ಟೇಪ್ ಹಾಕಿದ್ದೆವಲ್ಲ, ಅದರಿಂದಲೇ.

ಇನ್ನು ಉಪಕರಣಗಳು ತಮ್ಮತಮ್ಮಲ್ಲಿ ಮಾತಾಡುವ ಭಾಷೆಯ ಜಗಳ. 1975ರಲ್ಲಿ ಸ್ಕಾಟ್ಲೆಂಡಿನ ಪಿಕೋ ಎಲೆಕ್ಟ್ರಾನಿಕ್ಸ್ ಎಂಬ ಕಂಪನಿ ಎಕ್ಸ್-10 ಎಂಬ ಪದ್ಧತಿ ತಂದಿತು. ಕರೆಂಟಿನ ತಂತಿಯಲ್ಲೇ ಸಂಕೇತ ಹರಿಸುವುದು. ಮನೆಗೊಂದು ಅಕ್ಷರ, ಉಪಕರಣಕ್ಕೊಂದು ಸಂಖ್ಯೆ, ಹೀಗೆ ಒಟ್ಟು 256 ವಿಳಾಸಗಳಿದ್ದವು. ಪಕ್ಕದ ಮನೆಯವರೂ ನೀವು ಆರಿಸಿಕೊಂಡ ಅಕ್ಷರವನ್ನೇ ಆರಿಸಿಕೊಂಡಿದ್ದರೆ ಅವರ ರಿಮೋಟಿಗೆ ನಿಮ್ಮ ದೀಪ ಹೊತ್ತುವ ಸಂಭವವಿತ್ತು. ಆಮೇಲೆ ಜೀ-ವೇವ್ ಬಂತು, ಜಿಗ್ಬೀ ಬಂತು, ಥ್ರೆಡ್ ಬಂತು. ವೈಫೈ, ಬ್ಲೂಟೂತ್ ಹೇಗೂ ಇದ್ದವು. ಒಂದರ ಮಾತು ಇನ್ನೊಂದಕ್ಕೆ ತಿಳಿಯದು. ಒಂದೇ ಮನೆಯಲ್ಲಿ ಬಾಗಿಲಿಗೂ ದೀಪಕ್ಕೂ ಮಾತು ಬಿಟ್ಟುಹೋಗಿ, ನಡುವೆ ರಾಜಿ ಮಾಡಿಸಲು ಮೂರು ಹಬ್ ಕೂರಿಸಿದವರಿದ್ದಾರೆ. ಕೊನೆಗೆ ಅಮೆಜಾನ್, ಆಪಲ್, ಗೂಗಲ್ ಒಂದೇ ಜಗಲಿಯಲ್ಲಿ ಕೂತು, 2022ರ ಅಕ್ಟೋಬರಿನಲ್ಲಿ ಮ್ಯಾಟರ್ ಎಂಬ ಸಮಾನ ಭಾಷೆ ಹೊರಬಂತು. ಒಳ್ಳೆಯದೇ. ಅದರ ಹೆಗ್ಗಳಿಕೆಗಳಲ್ಲಿ ಒಂದು ಏನು ಗೊತ್ತೇ? ಮನೆಯ ಅಪ್ಪಣೆ ಮನೆಯೊಳಗೇ ಓಡಾಡುತ್ತದೆ, ಹೊರಗಿನ ಸರ್ವರಿಗೆ ಹೋಗಬೇಕಿಲ್ಲ! ಇಷ್ಟು ದೂರ ಬರಲು ಮನುಷ್ಯಕುಲ ಎಷ್ಟು ಕಷ್ಟಪಟ್ಟಿದೆ ನೋಡಿ.

ಕಂಪನಿಯೇ ಕಣ್ಣು ಮುಚ್ಚಿದರೆ? ರಿವಾಲ್ವ್ ಎಂಬ ಹಬ್ ಕೊಂಡವರಿಗೆ ಜೀವನಪರ್ಯಂತ ಸೇವೆಯ ಭರವಸೆ ಇತ್ತು. 2014ರಲ್ಲಿ ಗೂಗಲ್ ಒಡೆತನದ ನೆಸ್ಟ್ ಆ ಕಂಪನಿಯನ್ನು ಕೊಂಡಿತು. 2016ರ ಮೇ ತಿಂಗಳಲ್ಲಿ ಸರ್ವರ್ ಮುಚ್ಚಿ, ಹಬ್‌ಗಳು ಪೇಪರ್‌ವೇಟ್ ಆದವು. ಯಾರ ಜೀವನಪರ್ಯಂತ ಅಂತ ಗಿರಾಕಿಗಳು ಮೊದಲೇ ಬಿಡಿಸಿ ಕೇಳಬೇಕಿತ್ತು. ಇನ್‌ಸ್ಟಿಯಾನ್ ಎಂಬ ಇನ್ನೊಂದು ಸ್ಮಾರ್ಟ್ ಹೋಮ್ ಕಂಪನಿಯದು ಇನ್ನೂ ಚುಟುಕು. 2022ರ ಏಪ್ರಿಲ್‌ನಲ್ಲಿ ಒಂದು ಮಾತೂ ಹೇಳದೆ ಸರ್ವರ್ ಆರಿತು. ಗಿರಾಕಿಗಳಲ್ಲೇ ಕೆಲವರು ಸೇರಿ ಜೂನ್ ಹೊತ್ತಿಗೆ ಕಂಪನಿಯನ್ನೇ ಕೊಂಡುಕೊಂಡರು. ನಮ್ಮ ದೀಪ ನಾವು ಹಚ್ಚಿಕೊಳ್ಳಲು ಹಿಡಿಯಬಹುದಾದ ನೇರ ದಾರಿ ಸದ್ಯಕ್ಕೆ ಇದೊಂದೇ ಕಾಣುತ್ತದೆ.

ಒಂದು ಮಾತು ಮಾತ್ರ ನಗದೆ ಹೇಳಬೇಕು. ಹಾಸಿಗೆಯಿಂದ ಏಳಲಾಗದವರಿಗೆ, ಕೈ ಆಡದವರಿಗೆ, ಕಣ್ಣು ಕಾಣದವರಿಗೆ ಕೂಗಿದರೆ ಹೊತ್ತುವ ದೀಪ, ತಾನೇ ತೆರೆಯುವ ಬಾಗಿಲು ಆಟಿಕೆ ಅಲ್ಲ. ಅವರ ಸ್ವಾತಂತ್ರ್ಯವೇ ಅದರಲ್ಲಿದೆ. ಸರ್ವರ್ ಆರಿದಾಗ ನಾವು ಬೈಯುತ್ತಾ ಎದ್ದು ಹೋಗಿ ಸ್ವಿಚ್ ಒತ್ತುತ್ತೇವೆ. ಅವರು ಕತ್ತಲಲ್ಲೇ ಇರುತ್ತಾರೆ. ಜಾಹೀರಾತಿನಲ್ಲಿ ಕಾಣುವವರು ಮಾತ್ರ ಗಟ್ಟಿಮುಟ್ಟಾಗಿ ಸೋಫಾದಲ್ಲಿ ಒರಗಿದ ಜನ.

ಬೇರೆಯವರ ಕೈಗೆ ಕೀಲಿ ಕೊಟ್ಟಮೇಲೆ ಅವರು ತಿರುಗಿಸದೆ ಇರುತ್ತಾರಾ? 2022ರ ಆಗಸ್ಟಿನ ಬಿಸಿಲಲ್ಲಿ ಅಮೆರಿಕದ ಕೊಲೊರಾಡೋದಲ್ಲಿ ಎಕ್ಸೆಲ್ ಎನರ್ಜಿ ಎಂಬ ವಿದ್ಯುತ್ ಕಂಪನಿ ಸುಮಾರು 22,000 ಗಿರಾಕಿಗಳ ಮನೆಯ ಎಸಿ ಎಷ್ಟು ತಂಪು ಮಾಡಬೇಕೆಂದು ನಿಯಂತ್ರಿಸುವ ಸ್ಮಾರ್ಟ್ ಥರ್ಮೋಸ್ಟಾಟ್‌ಗಳನ್ನು ಕೆಲವು ಗಂಟೆ ಕಾಲ ಲಾಕ್ ಮಾಡಿತು. ಜನ ಬೆವರು ಒರೆಸಿಕೊಂಡು ಬಟನ್ ಒತ್ತಿದರೆ, ಇದು ವಿದ್ಯುತ್ ತುರ್ತುಸ್ಥಿತಿ, ಬದಲಿಸಲಾಗದು ಎಂಬ ಉತ್ತರ. ಕಂಪನಿಯದು ತಪ್ಪು ಅನ್ನಲೂ ಬರುವುದಿಲ್ಲ. ಬಿಲ್ಲಿನಲ್ಲಿ ರಿಯಾಯಿತಿ ಸಿಗುತ್ತದೆಂದು ಆ ಯೋಜನೆಗೆ ಒಪ್ಪಿಗೆ ಒತ್ತಿದವರು ಅವರೇ. ಒಪ್ಪಿಗೆಯ ಬಟನ್ ಮಾತ್ರ ಯಾವತ್ತೂ ಕೈಕೊಡುವುದಿಲ್ಲ.

ಬೀಗದ ಕಥೆಯೂ ಒಂದಿದೆ. 2017ರ ಆಗಸ್ಟಿನಲ್ಲಿ ಲಾಕ್‌ಸ್ಟೇಟ್ ಎಂಬ ಅಮೆರಿಕದ ಕಂಪನಿ ಒಂದು ಮಾದರಿಯ ಬೀಗಕ್ಕೆ ಬರೆದ ಅಪ್‌ಡೇಟನ್ನು ಇನ್ನೊಂದು ಮಾದರಿಯ ಬೀಗಗಳಿಗೆ ಕಳಿಸಿತು. ಸುಮಾರು 500 ಬೀಗಗಳು ನಂಬರ್ ಒತ್ತಿದರೆ ತೆರೆಯದಾದವು. ಅವುಗಳಲ್ಲಿ ಹಲವು ಅತಿಥಿಗಳಿಗೆ ಬಾಡಿಗೆ ಕೊಡುವ ಮನೆಗಳ ಬಾಗಿಲಲ್ಲಿದ್ದವು. ಹೊಸ ಅಪ್‌ಡೇಟ್ ಕಳಿಸಿ ಸರಿಮಾಡೋಣ ಅಂದರೆ ಬೀಗ ಇಂಟರ್‌ನೆಟ್ಟಿಗೇ ಸಿಗುತ್ತಿರಲಿಲ್ಲ. ಕಂಪನಿ ಕ್ಷಮೆ ಕೇಳಿ ದಾರಿ ತೋರಿಸಿತು. ಬೀಗದ ಹಿಂಭಾಗ ಬಿಚ್ಚಿ ನಮಗೆ ಕಳಿಸಿ, 5ರಿಂದ 7 ದಿನದಲ್ಲಿ ಸರಿಮಾಡಿ ಕೊಡುತ್ತೇವೆ. ಅದು ಬೇಡವೆಂದರೆ ಹೊಸ ಭಾಗ ಕಳಿಸುತ್ತೇವೆ, 14ರಿಂದ 18 ದಿನ ಕಾಯಿರಿ. ಅಲ್ಲಿಯವರೆಗೆ ಬೀಗದ ಜತೆ ಬಂದ ಲೋಹದ ಕೀ ಇತ್ತಲ್ಲ, ಅದು ಮಾತ್ರ ಎಂದಿನಂತೆ ತಿರುಗುತ್ತಿತ್ತು. ಎಲ್ಲಿಟ್ಟಿದ್ದೇವೆ ಅಂತ ಮಾಲೀಕರು ಹುಡುಕಿಕೊಳ್ಳಬೇಕಿತ್ತು, ಅಷ್ಟೇ.