ಐದನೇ ಭಾಗಾಕಾರಕ್ಕೇ ಬಿದ್ದ ಸಂಖ್ಯೆ

ಮನೆಯ ವಾಟ್ಸಾಪ್ ಗುಂಪಿಗೆ ಮತ್ತೆ ಬಂತು ಅದೇ ಫಾರ್ವರ್ಡ್. ಒಂಬತ್ತು ಒಂದುಗಳನ್ನು ಸಾಲಾಗಿ ಬರೆದು, ಅದನ್ನು ಅದರಿಂದಲೇ ಗುಣಿಸಿದರೆ 12345678987654321. ಕೆಳಗೆ ಕೈ ಮುಗಿದ ಚಿತ್ರಗಳ ಸಾಲು. ಚೆನ್ನಾಗಿಲ್ಲ ಅನ್ನಲ್ಲ. ಆದರೆ ನಾವು ಹತ್ತರ ಲೆಕ್ಕದಲ್ಲಿ ಬರೆಯೋದರಿಂದ ಕಾಣುವ ಸೊಗಸು ಅದು, ಮೈಮೇಲಿನ ಒಡವೆ. ಸಂಖ್ಯೆಯ ಗುಣ ಗೊತ್ತಾಗಬೇಕಿದ್ದರೆ ಅದನ್ನು ಒಡೆದು ನೋಡಬೇಕು.

ನನಗೆ ಇಷ್ಟದ ಸಂಖ್ಯೆ 4294967297. ಮೊಬೈಲ್ ನಂಬರಿನಷ್ಟೇ ಉದ್ದ, ನೋಡೋಕೆ ಅಂದಚೆಂದ ಏನೂ ಇಲ್ಲ. ಎರಡರ 32ನೇ ಘಾತಕ್ಕೆ ಒಂದು ಕೂಡಿಸಿದರೆ ಇದು ಬರುತ್ತೆ. ಘಾತ 1, 2, 4, 8, 16 ಇಟ್ಟು ಹೀಗೇ ಒಂದೊಂದು ಕೂಡಿಸಿ ನೋಡಿ: 3, 5, 17, 257, 65537. ಐದೂ ಅವಿಭಾಜ್ಯ. ಮುಂದಿನವೆಲ್ಲವೂ ಹಾಗೇ ಇರುತ್ತವೆ ಅಂತ 1640ರಲ್ಲಿ ಫ್ರಾನ್ಸಿನ ಗಣಿತಜ್ಞ ಫರ್ಮಾ ನಂಬಿದ. ಸಾಧಿಸಿ ತೋರಿಸೋಕೆ ಆಗ್ತಿಲ್ಲ ಅಂತ ಒಪ್ಪಿಕೊಂಡೂ ಇದ್ದ, ಪುಣ್ಯಾತ್ಮ. ಮರುಹೆಜ್ಜೆಯಲ್ಲೇ ಇತ್ತು 4294967297. 1732ರಲ್ಲಿ ಗಣಿತಜ್ಞ ಆಯ್ಲರ್ ಅದನ್ನು ಒಡೆದು ಇಟ್ಟ: 641 × 6700417.

ಊಹೆ ಸುಳ್ಳಾಗಿದ್ದಕ್ಕೆ ನನ್ನ ತಕರಾರಿಲ್ಲ, ಎಲ್ಲರದ್ದೂ ಆಗುತ್ತೆ. ಆದರೆ ಇದನ್ನು ಒಡೆಯೋ ಸುತ್ತಿಗೆ ಅದೇ ವರ್ಷ ಫರ್ಮಾನ ಕೈಯಲ್ಲೇ ಇತ್ತಲ್ಲ! ಇವತ್ತು ‘ಫರ್ಮಾನ ಚಿಕ್ಕ ಪ್ರಮೇಯ’ ಅಂತೀವಲ್ಲ, ಅದು. ಈ ಸಂಖ್ಯೆಯನ್ನು ಯಾವುದಾದರೂ ಅವಿಭಾಜ್ಯ ಭಾಗಿಸೋದಾದರೆ ಅದು 64ರ ಮಗ್ಗಿಗೆ ಒಂದು ಕೂಡಿಸಿದ್ದೇ ಆಗಿರಬೇಕು ಅನ್ನೋದು ಆ ಪ್ರಮೇಯದಿಂದಲೇ ಹೊರಡುತ್ತೆ. 65, 129 ಇಂಥವು ಅವಿಭಾಜ್ಯಗಳೇ ಅಲ್ಲ, ಬಿಡಿ. ಉಳಿಯೋದು 193, 257, 449, 577, 641. ಐದೇ ಭಾಗಾಕಾರ!

ನಂಬಿಕೆ ಬರದೆ ಭಾನುವಾರ ಹಳೇ ಕ್ಯಾಲೆಂಡರ್ ಹಾಳೆ ಹರಿದು ಅದರ ಹಿಂದೆ ಮಾಡಿದೆ. (ಮುಂದೆ ಹಾಲಿನ ಲೆಕ್ಕ ಇತ್ತಂತೆ, ಬೈಸಿಕೊಂಡಿದ್ದೂ ಆಯ್ತು.) 193ಕ್ಕೆ ಶೇಷ 109. 257ಕ್ಕೆ 2. 449ಕ್ಕೆ 325. 577ಕ್ಕೆ 288. 641ಕ್ಕೆ ಸೊನ್ನೆ. ಟೀ ಆರೋದರೊಳಗೆ ಮುಗೀತು. ಫರ್ಮಾ ಒಂದು ಸಂಜೆ ಕೂತಿದ್ದರೆ ಸಾಕಿತ್ತು.

ಆ 257ಕ್ಕೆ ಉಳಿದ 2 ಮಾತ್ರ ಕೊರೀತಾ ಇತ್ತು. ಇಷ್ಟು ಹತ್ತಿರ ಬಂದು ತಪ್ಪೋದಾ? ಎಲ್ಲೋ ಎಡವಿದ್ದೀನಿ ಅಂತ ಇನ್ನೊಮ್ಮೆ ಮಾಡಿದೆ, ಮತ್ತೆ 2. ಆಮೇಲೆ ಆ ಎರಡನ್ನು ಕಳೆದು 4294967295ನ್ನು ಒಡೆದೆ: 3 × 5 × 17 × 257 × 65537. ಫರ್ಮಾನ ಐದೂ ಸಂಖ್ಯೆಗಳು, ಒಂದೊಂದೇ ಸಲ, ಬೇರೆ ಯಾರೂ ಇಲ್ಲ! ತಾನು ಆ ಪಟ್ಟಿಗೆ ಸೇರದ ಸಂಖ್ಯೆ, ಪಟ್ಟಿಯನ್ನು ಪೂರ್ತಿಯಾಗಿ ಎರಡೇ ಹೆಜ್ಜೆ ಹಿಂದೆ ಇಟ್ಟುಕೊಂಡು ಕೂತಿದೆ. ಪಟ್ಟಿಗೆ ಸೇರೋ ಆರನೆಯ ಅವಿಭಾಜ್ಯ ಇದುವರೆಗೂ ಸಿಕ್ಕಿಲ್ಲ. ಘಾತವನ್ನು ಹೀಗೇ ಎರಡರಷ್ಟು ಮಾಡುತ್ತಾ ಹೋದರೆ ಈ ಸಾಲಿನಲ್ಲಿ 65537ರ ನಂತರ ಬರುವ 28 ಸಂಖ್ಯೆಗಳೂ ವಿಭಾಜ್ಯ ಅಂತ ಖಚಿತವಾಗಿದೆ.

ಪುರುಸೊತ್ತಿದ್ದರೆ 4294967297ನ್ನು 65537ರಿಂದ ನೀವೇ ಭಾಗಿಸಿ ನೋಡಿ. 65535 ಸಲ ಹೋಗುತ್ತೆ, 2 ಉಳಿಯುತ್ತೆ.